ಕೊಳಗದ ಲೆಕ್ಕ ಕೇಳಿದ ಶಾಸಕ: ಶಾಂತವೇರಿ ಗೋಪಾಲಗೌಡ

ಕಣದಲ್ಲಿ ಭತ್ತ ಅಳೆಯುವವರು ಮೊದಲ ಕೊಳಗಕ್ಕೆ 'ಒಂದು' ಎನ್ನುವುದಿಲ್ಲ. 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗ ಆದರೆ ಒಂದು ಖಂಡುಗ. ಆ ಲಾಭ ಯಾರಿಗೆ ಎನ್ನುವ ಪ್ರಶ್ನೆ ಮಾತ್ರ ಬೇರೆಯವರ ಜಮೀನು ಉಳುತ್ತಿದ್ದ ಮಲೆನಾಡಿನ ಗೇಣಿದಾರರಿಗೆ ತುಂಬ ವರ್ಷ ಕೇಳಲು ಆಗಿರಲಿಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಮೀನಿನ ಒಡೆಯರು ಗೇಣಿ ಭತ್ತ ಅಳೆಸಿಕೊಳ್ಳುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಕೊಳಗಕ್ಕೆ ಅರ್ಧ ಸೇರು ಜಾಸ್ತಿ ಹೋದರೂ ಖಂಡುಗಕ್ಕೆ ಹತ್ತು ಸೇರು ಹೋಯಿತು. ಹತ್ತು ಖಂಡುಗ ಗೇಣಿ ಕಟ್ಟುವವನ ಮನೆಯಿಂದ ನೂರು ಸೇರು ಲೆಕ್ಕಕ್ಕೇ ಸಿಗದೆ ಹೊರಟುಹೋಯಿತು. ಇದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ಪದ್ಧತಿ ಎನ್ನುತ್ತಿದ್ದರು.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಶಾಸಕರಾದ ಕಥೆ ಶುರುವಾಗುವುದು ಇಲ್ಲಿಂದಲೇ. ಮೂರು ಸಲ ಗೆದ್ದರೂ ಅವರು ಮಂತ್ರಿಯಾಗಲಿಲ್ಲ, ಅವರ ಪಕ್ಷ ಯಾವತ್ತೂ ಅಧಿಕಾರಕ್ಕೆ ಬರಲಿಲ್ಲ. ಹೀಗಾಗಿ ಹುದ್ದೆಗಳ ಪಟ್ಟಿ ಹಿಡಿದು ಹುಡುಕಿದರೆ ಅವರ ಬಗ್ಗೆ ಏನೂ ಸಿಗುವುದಿಲ್ಲ. ಕೊಳಗ ಹಿಡಿದು ಹೊರಟರೆ ಸಿಗುತ್ತದೆ.

ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಜೈಲಿಗೆ ಹೋಗಿಬಂದ ಬಹಳಷ್ಟು ಜನ ಕಾಂಗ್ರೆಸ್ಸಿನಲ್ಲಿ ಜಾಗ ಹಿಡಿದರು. ಗೌಡರು ಸಮಾಜವಾದಿಗಳ ಜೊತೆ ಹೋದರು. ಹಳ್ಳಿಹಳ್ಳಿ ತಿರುಗುವುದೇ ಕೆಲಸ.

ಕಾಗೋಡಿನ ಸುತ್ತಮುತ್ತ ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಈ ಹೆಸರನ್ನು ಮರೆತು ಗೌಡರ ಕಥೆ ಹೇಳುವವರೇ ಜಾಸ್ತಿ, ಅದು ಸರಿಯಲ್ಲ. ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅಳತೆ ಕೇಳಿದ ಸಿಟ್ಟಿಗೆ ಒಡೆಯರು ಉಳುವುದಕ್ಕೇ ತಡೆ ಹಾಕಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಅದರ ರೀತಿ ತುಂಬ ಸರಳ. ತಂಡ ತಂಡವಾಗಿ ಹೋಗುವುದು, ತಮ್ಮ ಅಪ್ಪ ಅಜ್ಜ ಉಳುತ್ತಿದ್ದ ಗದ್ದೆಗೆ ಇಳಿಯುವುದು, ನೇಗಿಲು ಹೂಡುವುದು. ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಿದ್ದರು. ಮರುದಿನ ಇನ್ನೊಂದು ತಂಡ. ಉಳುವುದೇ ಅಪರಾಧ ಆದ ಕಾಲ ನೋಡಿ.

ಸಮಾಜವಾದಿ ಪಕ್ಷ ಈ ಹೋರಾಟವನ್ನು ಕೈಗೆತ್ತಿಕೊಂಡಿದ್ದು ಗೌಡರು ಮತ್ತು ಅವರ ಗೆಳೆಯರಿಂದ. ಜೂನ್‌ನಲ್ಲಿ ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದರು. ಅವರನ್ನೂ ಬಂಧಿಸಿದರು. ಅಲ್ಲಿಗೆ ಮೂಲೆಯ ಹಳ್ಳಿಯೊಂದರ ಅಳತೆಯ ಜಗಳ ದೇಶದ ಸುದ್ದಿಯಾಯಿತು.

ಕೆಲವೇ ತಿಂಗಳಲ್ಲಿ ಮೊದಲ ಮಹಾಚುನಾವಣೆ. ಗೌಡರು ಸಾಗರ–ಹೊಸನಗರ ಕ್ಷೇತ್ರದಲ್ಲಿ ನಿಂತರು. ಕೈಯಲ್ಲಿ ಕಾಸಿಲ್ಲ. 'ಒಂದು ವೋಟು, ಒಂದು ನೋಟು' ಎಂದು ಜನರನ್ನೇ ಕೇಳಿದರು. ಮತದಾರನಿಗೆ ದುಡ್ಡು ಕೊಡುವುದನ್ನೇ ನೋಡಿರುವ ನಮಗೆ ಇದು ತಿರುಗುಮುರುಗಾಗಿ ಕಾಣುತ್ತದೆ, ಅಲ್ವಾ? ಎದುರಾಳಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ. ಗೌಡರು ಗೆದ್ದರು. ಆಗಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿ ಪಕ್ಷಕ್ಕೆ ಬರೀ 3.

ಅದೇ ಚುನಾವಣೆಯ ಇನ್ನೊಂದು ಫಲಿತಾಂಶವನ್ನೂ ನೋಡಬೇಕು. ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್, ಕಾಗೋಡಿನ ಜಮೀನುದಾರರು. ಗೇಣಿದಾರರ ಪರ ನಿಂತವರು ಬೆಂಗಳೂರಿಗೆ, ಜಮೀನಿನ ಒಡೆಯರು ದೆಹಲಿಗೆ! ಒಂದೇ ಸೀಮೆಯ ಜನ ಇಬ್ಬರನ್ನೂ ಗೆಲ್ಲಿಸಿದರು. ಜನ ಬದಲಾದರು, ಕ್ರಾಂತಿಯಾಯಿತು ಎಂದು ಬರೆಯುವವರು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು.

1957ರಲ್ಲಿ ಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಸದನದಲ್ಲಿ ಅವರು ಎದ್ದು ನಿಂತರೆ ಆಡಳಿತ ಪಕ್ಷದವರೂ ಕಿವಿ ಕೊಡುತ್ತಿದ್ದರು. ಮಾತು ಕನ್ನಡದಲ್ಲಿ. ಆಡಳಿತವೂ ಕನ್ನಡದಲ್ಲೇ ನಡೆಯಬೇಕು, ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಗಬೇಕು ಎಂಬುದು ಅವರ ಒತ್ತಾಯ. ರೈತನಿಗೆ ತನ್ನ ಗೇಣಿ ಕೇಸಿನ ತೀರ್ಪು ಓದಲು ಬಾರದಿದ್ದರೆ ಕಾನೂನು ಇದ್ದೂ ಏನು ಬಂತು? ಅವರ ಭಾಷೆಯ ಜಗಳಕ್ಕೂ ಭೂಮಿಯ ಜಗಳಕ್ಕೂ ಹೀಗೆ ನಂಟಿತ್ತು ಅನ್ನಿಸುತ್ತದೆ. 1967ರಲ್ಲಿ ಅವರದೇ ಬಳಗದ ಜೆ.ಎಚ್. ಪಟೇಲರು ಶಿವಮೊಗ್ಗದ ಸಂಸದರಾಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು.

ಇನ್ನು ಭೂಮಿಯ ಕಾನೂನು. 1961ರಲ್ಲೇ ಭೂಸುಧಾರಣೆ ಕಾಯ್ದೆ ಬಂತು. ಜಾರಿಗೆ ಬಂದಿದ್ದು 1965ರಲ್ಲಿ! ಅಷ್ಟರಲ್ಲಿ ಜಮೀನು ಯಾರ್ಯಾರ ಹೆಸರಿಗೆ ಹಂಚಿಹೋಗಬೇಕೋ ಹೋಗಲು ಬೇಕಾದಷ್ಟು ಸಮಯ ಸಿಕ್ಕಿತು. ಜೊತೆಗೆ ಒಂದು ಕಿಂಡಿಯೂ ಇತ್ತು. 'ಸ್ವಂತ ಸಾಗುವಳಿಗೆ ಬೇಕು' ಎಂದು ಮಾಲೀಕ ಜಮೀನು ವಾಪಸ್ ಕೇಳಬಹುದಿತ್ತು. ಗೇಣಿಯ ಒಪ್ಪಂದ ಹೆಚ್ಚಾಗಿ ಬಾಯಿಮಾತಿನದು. ನಾನು ಉಳುತ್ತಿದ್ದೇನೆ ಎಂದು ರೈತ ಯಾವ ಕಾಗದ ತೋರಿಸಬೇಕು?

ಈ ಕಿಂಡಿ ಮುಚ್ಚಿದ್ದು ದೇವರಾಜ ಅರಸು ಸರ್ಕಾರದ ತಿದ್ದುಪಡಿ. 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿ ನೇರ ಸರ್ಕಾರದ ವಶಕ್ಕೆ, ಅಲ್ಲಿಂದ ಉಳುವವನಿಗೆ. ಇದಕ್ಕಾಗಿ ಭೂ ನ್ಯಾಯಮಂಡಳಿಗಳು ಹುಟ್ಟಿಕೊಂಡವು. ಈ ಜಮೀನು ನಾನು ಉಳುತ್ತಿದ್ದೇನೆ ಎಂದು ರೈತ ನಮೂನೆ 7ರ ಅರ್ಜಿ, ಜನರ ಬಾಯಲ್ಲಿ 'ಡಿಕ್ಲರೇಷನ್', ತುಂಬಿಕೊಡಬೇಕಿತ್ತು. ಅಕ್ಕಪಕ್ಕದ ಗದ್ದೆಯವರ ಸಾಕ್ಷಿಗೂ ಬೆಲೆ ಬಂತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಳಬರು ಈಗಲೂ 'ಡಿಕ್ಲರೇಷನ್ ಕೊಟ್ಟ ಜಮೀನು' ಎಂದೇ ಗುರುತು ಹೇಳುತ್ತಾರೆ. ಅರ್ಜಿ ಕೊಟ್ಟವರ ಮನೆಯಲ್ಲಿ ಒಂದು ದನಿಯಲ್ಲಿ, ಜಮೀನು ಕಳೆದುಕೊಂಡವರ ಮನೆಯಲ್ಲಿ ಬೇರೆ ದನಿಯಲ್ಲಿ.

ಗೌಡರು ಇದನ್ನು ನೋಡಲಿಲ್ಲ. ಅರಸು ಮುಖ್ಯಮಂತ್ರಿಯಾದದ್ದು 1972ರ ಮಾರ್ಚ್‌ನಲ್ಲಿ. ಜೂನ್ 9ರಂದು ಗೌಡರು ತೀರಿಕೊಂಡರು. ವಯಸ್ಸು 49. ಮೈಸೂರು ಕರ್ನಾಟಕವಾದದ್ದು 1973ರ ನವೆಂಬರ್‌ನಲ್ಲಿ.

ಅವರ ಜೊತೆ ಬೆಳೆದವರು ದೂರ ಹೋದರು. ಎಸ್. ಬಂಗಾರಪ್ಪ 1990ರಲ್ಲಿ, ಜೆ.ಎಚ್. ಪಟೇಲ್ 1996ರಲ್ಲಿ ಮುಖ್ಯಮಂತ್ರಿಗಳಾದರು. ಇಬ್ಬರೂ ಆ ಹೊತ್ತಿಗೆ ಬೇರೆ ಬೇರೆ ಪಕ್ಷಗಳಲ್ಲಿದ್ದರು. ಗುರುವಿನ ಹೆಸರು ಹೇಳುವುದನ್ನು ಬಿಟ್ಟಿರಲಿಲ್ಲ. ಹಾಗೆ ಹೆಸರು ಹೇಳಿ ಮಾಡಿದ ಎಲ್ಲವನ್ನೂ ಗೌಡರು ಒಪ್ಪುತ್ತಿದ್ದರೇ ಎಂಬ ಅನುಮಾನ ನನಗಿದೆ, ಇರಲಿ. ಇನ್ನೊಬ್ಬರು ಕಾಗೋಡು ತಿಮ್ಮಪ್ಪ. ಅವರೂ ಸಮಾಜವಾದಿ ಹೋರಾಟದಿಂದ ಬಂದವರು. 2013ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. 2016ರಲ್ಲಿ ಕಂದಾಯ ಮಂತ್ರಿ. ರಾಜ್ಯದ ಪಹಣಿ, ಸರ್ವೆ, ಹಕ್ಕುಪತ್ರ ಎಲ್ಲ ಆ ಖಾತೆಯ ಕೆಳಗೇ ಬರುತ್ತವೆ. ಅಳತೆ ಕೇಳಿದ್ದಕ್ಕೆ ಜನ ಜೈಲಿಗೆ ಹೋದ ಊರಿನ ಹೆಸರನ್ನು ಹೊತ್ತವರು ಆ ಕುರ್ಚಿಗೆ ಬರಲು 65 ವರ್ಷ ಹಿಡಿಯಿತು.