ಮೊದಲು ಹುಟ್ಟು ಕೊಳ್ಳಲೋ, ಚಡ್ಡಿ ಕೊಳ್ಳಲೋ?

ಪ್ರಶ್ನೆ: ಕೆಲಸದ ಮೇಲೆ ಹವಾಯಿಯ ಹೊನೊಲುಲುಗೆ ಬಂದಿದ್ದೇನೆ. ಇಲ್ಲಿನ ಔಟ್‌ರಿಗರ್ ದೋಣಿ (ಒಂದು ಬದಿಗೆ ತೇಲುಮರ ಕಟ್ಟಿದ ಉದ್ದ ದೋಣಿ) ಕ್ಲಬ್ ಸೇರಿದೆ. ಮೊದಲು ಏನು ಕೊಳ್ಳಲಿ?

ಉತ್ತರ: ಚಡ್ಡಿ. ತಮಾಷೆ ಅಲ್ಲ.

ಆರು ಜನ ಕೂರುವ ಈ ದೋಣಿಯಲ್ಲಿ ಹುಟ್ಟು ಹಾಕುವುದು ಬರೀ ತೋಳಿನ ಕೆಲಸ ಅಲ್ಲ. ಪ್ರತಿ ಸಲವೂ ಸೊಂಟ ತಿರುಗಬೇಕು. ಹತ್ತು ಹದಿನೈದು ಸಲ ಹಾಕುವಷ್ಟರಲ್ಲಿ ಕೂಗು ಬೀಳುತ್ತದೆ, ಎಲ್ಲರೂ ಬದಿ ಬದಲಾಯಿಸುತ್ತಾರೆ. ಕೆಳಗೆ ಗಟ್ಟಿ ಸೀಟು, ಮೈಮೇಲೆ ಉಪ್ಪುನೀರು. ಹಿಂದೆ ಜೇಬಿರುವ, ದಪ್ಪ ಹೊಲಿಗೆಯ ಚಡ್ಡಿ ಹಾಕಿಕೊಂಡು ಹೋದರೆ ಬಾಲಮೂಳೆಯ ಹತ್ತಿರ ಚರ್ಮ ಸುಲಿಯುತ್ತದೆ. ಆಗ ಗೊತ್ತಾಗುವುದಿಲ್ಲ. ಸಂಜೆ ಸ್ನಾನಕ್ಕೆ ಬಿಸಿನೀರು ಹುಯ್ದುಕೊಂಡಾಗ ಚೆನ್ನಾಗಿ ಗೊತ್ತಾಗುತ್ತದೆ! ಕೂರುವ ಜಾಗದಲ್ಲಿ ಹೊಲಿಗೆ ಇಲ್ಲದ, ಮೈಗೆ ಅಂಟುವ ಲೈಕ್ರಾ ಚಡ್ಡಿ ನೋಡಿ. ಉಜ್ಜುವ ಕಡೆ ಸ್ವಲ್ಪ ವ್ಯಾಸಲೀನ್ ಸವರಿ.

ಮೇಲೆ ಈಜುಡುಗೆ ಬಟ್ಟೆಯ, ಮೈಗಂಟುವ ಉದ್ದ ತೋಳಿನ ರ‍್ಯಾಶ್‌ಗಾರ್ಡ್ ಸಾಕು. ಹತ್ತಿ ಅಂಗಿ ಬೇಡ. ಒದ್ದೆಯಾದರೆ ಭಾರ, ಗಾಳಿ ಬೀಸಿದರೆ ಚಳಿ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ಒರೆಸಿಕೊಳ್ಳಿ, ಇಲ್ಲದಿದ್ದರೆ ಹುಟ್ಟು ಜಾರುತ್ತದೆ. ಊರಿಂದ ತಂದ ಟ್ಯೂಬ್ ಇದ್ದರೆ ಅದರ ಹಿಂದೆ ಬರೆದಿರುವುದನ್ನು ಓದಿ. ಹವಳದ ದಿಬ್ಬಗಳಿಗೆ ಹಾನಿ ಎಂದು ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ.

ಹುಟ್ಟಿಗೆ ಅವಸರ ಬೇಡ. ಶುರುವಿನಲ್ಲಿ ಕ್ಲಬ್‌ನದೇ ಎರವಲು ಸಿಗುತ್ತದೆ, ಎರಡು ಮೂರು ಅಳತೆಯವನ್ನು ಹಾಕಿ ನೋಡಿ. ಗಟ್ಟಿ ಕುರ್ಚಿಯ ಮೇಲೆ ಕೂತು, ಹುಟ್ಟನ್ನು ತಲೆಕೆಳಗಾಗಿ ಹಿಡಿದು, ಹಿಡಿಯನ್ನು ಕುರ್ಚಿಗೆ ಊರಿ. ನೀರಿಗಿಳಿಯುವ ಅಗಲ ಭಾಗ, ಅಂದರೆ ಅಲಗು, ಶುರುವಾಗುವ ಜಾಗ ನಿಮ್ಮ ಮೂಗಿನ ಆಸುಪಾಸಿಗೆ ಬಂದರೆ ಅಳತೆ ಹೆಚ್ಚುಕಡಿಮೆ ಸರಿ. ಕೋಲು ಅಲಗಿನ ಹತ್ತಿರ ಹತ್ತು ಡಿಗ್ರಿಯಷ್ಟು ಬಾಗಿರುತ್ತದೆ, ಗಾಬರಿ ಬೇಡ, ಅದು ಮುರಿದದ್ದಲ್ಲ. ಪೂರ್ತಿ ಕಾರ್ಬನ್ ಫೈಬರ್‌ನದು ಹಗುರ, ಬೆಲೆ ಜಾಸ್ತಿ. ಮೊಲೊಕಾಯಿ ದ್ವೀಪದಿಂದ ಹೊನೊಲುಲು ಇರುವ ಒವಾಹು ದ್ವೀಪಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್ ರೇಸ್ ಮಾಡುವವರಿಗೆ ಆ ಹಗುರ ಬೇಕು. ನಿಮಗೆ ಈಗಲೇ ಯಾಕೆ?

ಟೋಪಿ, ಕನ್ನಡಕ ಎರಡಕ್ಕೂ ದಾರ ಕಟ್ಟಿ. ಲೈಫ್ ಜಾಕೆಟ್ ಬೇಕೇ ಎಂದು ಕೋಚ್ ಹತ್ತಿರ ಕೇಳಿ, ಈಜು ಅಷ್ಟಕ್ಕಷ್ಟೇ ಆದರೆ ಕೇಳದೆಯೇ ಹಾಕಿಕೊಳ್ಳಿ. ಯಾಕೆಂದರೆ ಒಂದಲ್ಲ ಒಂದು ದಿನ ಯಾರೋ 'ಹುಲಿ!' ಎಂದು ಕೂಗುತ್ತಾರೆ. ದಡದ ಕಡೆ ನೋಡಬೇಡಿ. ಹವಾಯಿ ಭಾಷೆಯಲ್ಲಿ ಹುಲಿ ಎಂದರೆ ಮಗುಚುವುದು, ನೀವು ಆಗಲೇ ನೀರಲ್ಲಿರುತ್ತೀರಿ.