ಸುವರ್ಣಗಡ್ಡೆ ಮೊಳೆಯುವಷ್ಟರಲ್ಲಿ ಹರಿವೆ ಕೊಯ್ಲು

ಅಂತರ ಬೆಳೆಯ ಪಾಠ ಓದುವಾಗ ಮೊದಲು ಕಣ್ಣಿಗೆ ಬೀಳುವುದು ಅಳತೆ. ಅಡಿಕೆಗೆ 9 ಅಡಿ, ಬದನೆ ಸಾಲಿಗೆ ಎರಡೂವರೆ ಅಡಿ ಎಂದು ಬಾಯಿಪಾಠ ಮಾಡಿ, ನಡುವಿನ ಖಾಲಿ ನೆಲಕ್ಕೆ ಏನಾದರೂ ಬಿತ್ತಿದರಾಯಿತು ಎಂದುಕೊಳ್ಳುತ್ತೇವೆ. ತೀರ್ಥಹಳ್ಳಿ ಬಳಿಯ ನಮ್ಮ ಹಿತ್ತಿಲಿನಲ್ಲಿ ನಾನೂ ಹಾಗೆಯೇ ಮಾಡಿ ಕೆಟ್ಟೆ. ಅಡಿಯ ಜೊತೆಗೆ ದಿನಗಳನ್ನೂ ಎಣಿಸಬೇಕು. ಮುಖ್ಯ ಬೆಳೆಯ ಎಲೆ ಹರಡಿ ಸಾಲಿಗೆ ಸಾಲು ಕೂಡಿಕೊಳ್ಳಲು ಎಷ್ಟು ದಿನ ಬೇಕು, ಅದರೊಳಗೆ ಕಿತ್ತು ಮುಗಿಯುವ ತರಕಾರಿ ಯಾವುದು, ಇಷ್ಟು ತಿಳಿದ ಮೇಲೆಯೇ ಬೀಜದ ಡಬ್ಬಿ ತೆಗೆಯಿರಿ.

ಮಲೆನಾಡಿಗೆ ಇದರ ಒಳ್ಳೆಯ ಉದಾಹರಣೆ ಸುವರ್ಣಗಡ್ಡೆ. ಏಪ್ರಿಲ್ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದಾಗ 3 ಅಡಿಗೊಂದು ಗುಂಡಿ ತೆಗೆದು, ಗೊಬ್ಬರ ತುಂಬಿ, ಗಡ್ಡೆಯ ತುಂಡು ಹೂಳುತ್ತೇವೆ. ಅದು ತಲೆ ಎತ್ತಲು ಸುಮಾರು ಒಂದು ತಿಂಗಳು ಬೇಕು. ಕೀಳುವುದಂತೂ ಎಂಟೊಂಬತ್ತು ತಿಂಗಳಿಗೆ. ಗಡ್ಡೆ ಮಣ್ಣಿನೊಳಗೆ ಮಲಗಿರುವ ಆ ತಿಂಗಳು ಮೇಲಿನ ನೆಲಕ್ಕೆ ಬಿಸಿಲು, ತೇವ, ಗೊಬ್ಬರ ಎಲ್ಲವೂ ಪುಕ್ಕಟೆ. ಹರಿವೆ ಬಿತ್ತಿದರೆ 25ರಿಂದ 30 ದಿನಕ್ಕೆ ಬೇರುಸಹಿತ ಕಿತ್ತು ಸಾರಿಗೆ ಹಾಕಬಹುದು. ಜೂನ್ ಮಳೆ ಹಿಡಿಯುವ ಮೊದಲೇ ಮಡಿ ಖಾಲಿಯಾಗಿರುತ್ತದೆ, ಗಡ್ಡೆ ಆಗಷ್ಟೇ ಮೂತಿ ತೋರಿಸುತ್ತಿರುತ್ತದೆ. ಹರಿವೆಗೆ ಬಿಸಿಲೆಂದರೆ ಪ್ರಾಣ, ಆದ್ದರಿಂದ ಮೇ ತಿಂಗಳಿಗೆ ಅದೇ ಸರಿ. ಮೆಂತ್ಯಕ್ಕೆ ಆ ಸೆಕೆ ಆಗದು. ಜೂನ್ ದಾಟಿದ ಮೇಲೆ ಸೊಪ್ಪಿನ ಬೀಜ ಚೆಲ್ಲುವುದು ನಮ್ಮ ಕಡೆ ದಂಡ: ಅರ್ಧ ಬೀಜ ನೀರಿನೊಡನೆ ಹೋಗುತ್ತದೆ, ಉಳಿದದ್ದು ಕೊಳೆಯುತ್ತದೆ.

ಇನ್ನು ಮಳೆಗಾಲ ಮುಗಿದ ಮೇಲಿನ ಹಂಗಾಮು. ನವೆಂಬರಿನಲ್ಲಿ ನಾಟಿ ಮಾಡಿದ ಬದನೆ ಸಸಿ ಮೊದಲ ಕಾಯಿ ಕೊಡಲು ಎರಡು ತಿಂಗಳಾದರೂ ಬೇಕು. ಗಿಡ ಹರಡಿಕೊಳ್ಳಲು ನಮ್ಮಲ್ಲಿ ಒಂದೂವರೆ ತಿಂಗಳು ಹಿಡಿಯುತ್ತದೆ. ಆ ನಡುವೆ ಮೆಂತ್ಯ 25 ದಿನಕ್ಕೆ, ಮೂಲಂಗಿ 40 ದಿನಕ್ಕೆ ಮುಗಿಯಬೇಕು. ಇಲ್ಲಿ ಒಂದು ಷರತ್ತಿದೆ: ಸಸಿ ನೆಟ್ಟ ದಿನವೇ ಬಿತ್ತಬೇಕು. ನಾನು ಸಸಿ ಬೇರು ಹಿಡಿಯಲಿ ಎಂದು ಮೂರು ವಾರ ಕಾದು ಮೂಲಂಗಿ ಹಾಕಿದೆ. ಬದನೆಯ ಎಲೆ ಮೇಲೆ ಮುಚ್ಚಿತು, ಕೆಳಗೆ ಮೂಲಂಗಿ ಸೊಪ್ಪನ್ನೇ ಬೆಳೆಸಿತು, ಗಡ್ಡೆ ಬೆರಳಿನಷ್ಟು. ಇನ್ನೂ ನಾಲ್ಕು ದಿನ ಬಿಡೋಣ ಎಂದು ಬಿಟ್ಟದ್ದು ಬೆಂಡಾಯಿತು. ಕೀಳಲು ಹೋದಾಗ ಬದನೆಯ ಎಳೆಬೇರುಗಳೂ ಕಿತ್ತು ಬಂದವು. ಸಸಿಯ ಬುಡದಿಂದ ಒಂದು ಗೇಣು ಬಿಟ್ಟು ಬಿತ್ತಿದ್ದರೆ ಅದಾದರೂ ತಪ್ಪುತ್ತಿತ್ತು.

ಎಲೆಕೋಸಿನ ನಡುವೆ ಮೂಲಂಗಿ ಹಾಕುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡೂ ಸಾಸಿವೆ ಕುಟುಂಬದವು, ಒಂದಕ್ಕೆ ಬಂದ ಸಸ್ಯಹೇನು ಇನ್ನೊಂದಕ್ಕೂ ಹಬ್ಬುತ್ತದೆ. ಕೋಸಿನ ಜೊತೆ ಕೊತ್ತಂಬರಿ ವಾಸಿ, ತುಸು ನೆರಳನ್ನೂ ತಡೆದುಕೊಳ್ಳುತ್ತದೆ. ಅದರ ಒಂದು ಕಾಳಿನಲ್ಲಿ ಎರಡು ಬೀಜ ಇರುವುದರಿಂದ ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಿ.

ಮೆಂತ್ಯ ದ್ವಿದಳವಾದ್ದರಿಂದ ಮಣ್ಣಿಗೆ ಸಾರಜನಕ ಸೇರುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. 25 ದಿನಕ್ಕೆ ಬೇರುಸಹಿತ ಕಿತ್ತು ಅಡುಗೆಮನೆಗೆ ಒಯ್ದ ಮೇಲೆ ಮಣ್ಣಿಗೆ ಉಳಿಯುವುದು ಅಷ್ಟರಲ್ಲೇ ಇದೆ. ಕಿತ್ತ ಜಾಗಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಿ, ದರಕು (ಉದುರಿದ ಒಣ ಎಲೆ) ಮುಚ್ಚುವುದೇ ಲೇಸು.

ಶುಂಠಿ ಮಡಿಯ ನಡುವೆ ಏನು ಹಾಕಬಹುದು ಎಂದು ಕೇಳುವವರಿದ್ದಾರೆ. ಅದೂ ನಿಧಾನದ ಬೆಳೆಯೇ, ಆದರೆ ನೆಟ್ಟ ಕೂಡಲೇ ಮಡಿಯ ಮೇಲೆ ನಾವೇ ದಪ್ಪಗೆ ಸೊಪ್ಪು ಹೊದಿಸುವುದರಿಂದ ಸಣ್ಣ ಬೀಜಕ್ಕೆ ಮೇಲೆ ಬರಲು ದಾರಿಯೇ ಇರುವುದಿಲ್ಲ. ಎಳೆಯ ಅಡಿಕೆ ತೋಟದಲ್ಲಿ ಮಾತ್ರ ಗಡಿಬಿಡಿಯಿಲ್ಲ. ಮೊದಲ ಮೂರು ನಾಲ್ಕು ವರ್ಷ ಬಿಸಿಲು ನೆಲದವರೆಗೆ ಇಳಿಯುತ್ತದೆ, ಬಾಳೆಯ ನೆರಳು ಬೀಳದ ಕಡೆ ಸೊಪ್ಪು, ಮೂಲಂಗಿ ಎರಡೂ ಬರುತ್ತವೆ. ಅಲ್ಲಿ ಕಾಯಬೇಕಾದ್ದು ಬಸಿಗಾಲುವೆಯನ್ನು. ಮಡಿ ದೊಡ್ಡದು ಮಾಡುವ ಆಸೆಗೆ ಅದನ್ನು ಮುಚ್ಚಿದರೆ ಮುಂದಿನ ಮಳೆಗೆ ಅಡಿಕೆ ಸಸಿಯ ಬುಡದಲ್ಲೇ ನೀರು ನಿಲ್ಲುತ್ತದೆ.