ವೀಣೆ ವಿಮಾನ ಹತ್ತುವ ಮುಂಚೆ ತಂತಿ ಪೂರ್ತಿ ಬಿಚ್ಚಬೇಕೆ?

ಪ್ರಶ್ನೆ: ಮೇಡಂ, ಮಗಳು ಓದೋಕೆ ಅಮೆರಿಕಕ್ಕೆ ಹೊರಟಿದ್ದಾಳೆ, ವೀಣೆ ಜೊತೆಗೇ ಹೋಗಬೇಕು. ಲಗೇಜ್ ತುಂಬುವ ಕಡೆ ಗಾಳಿಯ ಒತ್ತಡ ಇರೋದಿಲ್ಲವಂತೆ, ತಂತಿ ಪೂರ್ತಿ ಬಿಚ್ಚದಿದ್ದರೆ ಕೊಡವೇ (ವೀಣೆಯ ದುಂಡನೆಯ ಪೊಳ್ಳು ಭಾಗ) ಸೀಳಿಹೋಗುತ್ತದಂತೆ. ನಿಜವೇ?

ಇಲ್ಲ. ತಂತಿ ಬಿಚ್ಚಬೇಡಿ. ತಂತಿ ಬಿಗಿಯುವ ಬಿರಡೆಗಳನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಒಂದೊಂದು ತಂತಿಯೂ ಎರಡು ಮೂರು ಸ್ವರ ಇಳಿಯಲಿ. ಅಷ್ಟು ಸಾಕು.

ಪಾಠದ ನಡುವೆ, ಫೋನಿನಲ್ಲಿ, ಕಚೇರಿ ಮುಗಿಸಿ ವೀಣೆ ಚೀಲಕ್ಕೆ ಹಾಕುತ್ತಿರುವಾಗ, ಇದೇ ಪ್ರಶ್ನೆ. ಉತ್ತರ ಹೇಳಿದರೂ "ಆದರೂ ಬಿಚ್ಚಿಬಿಡೋದು ಕ್ಷೇಮ ಅಲ್ವಾ?" ಅಂತಾರೆ. ಕ್ಷೇಮ ಅಲ್ಲ. ಯಾಕೆ ಅಂತ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಮೊದಲು ಒತ್ತಡದ ಮಾತು. ಪ್ರಯಾಣಿಕರ ವಿಮಾನದಲ್ಲಿ ನಾವು ಕೂರುವ ಜಾಗಕ್ಕೂ ಕೆಳಗಿನ ಲಗೇಜ್ ಜಾಗಕ್ಕೂ ಗಾಳಿಯ ಒತ್ತಡ ಒಂದೇ. ವಿಮಾನದ ದುಂಡನೆಯ ಒಡಲು ಪೂರ್ತಿಯಾಗಿ ಒತ್ತಡ ತಾಳುವ ಹಾಗೆ ಕಟ್ಟಿರುತ್ತಾರೆ. ನಡುವಿನ ಚಪ್ಪಟೆ ನೆಲವನ್ನಲ್ಲ. ಮೇಲೆ ಒತ್ತಡ ಇದ್ದು ಕೆಳಗೆ ಇಲ್ಲದೆ ಹೋದರೆ ನಮ್ಮ ಕಾಲಡಿಯ ನೆಲವೇ ಕುಸಿಯುತ್ತದೆ. ಸಾಕಿದ ನಾಯಿಗಳನ್ನು ಕಳಿಸುವುದೂ ಆ ಕೆಳಗಿನ ಜಾಗದಲ್ಲೇ.

ಹಾರುವಾಗ ಒಳಗಿನ ಒತ್ತಡ ನೆಲದ ಮೇಲಿರುವುದಕ್ಕಿಂತ ಕಡಿಮೆ, ಒಪ್ಪುತ್ತೇನೆ. ಆದರೆ ಎಷ್ಟು ಕಡಿಮೆ? ಹೆಚ್ಚೆಂದರೆ ಸಮುದ್ರಮಟ್ಟದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ನಮ್ಮ ಊಟಿಯೇ 7300 ಅಡಿ ದಾಟುತ್ತದೆ. ಮೈಸೂರಿಂದ ಊಟಿಗೆ ವೀಣೆ ಒಯ್ಯುವಾಗ ಯಾರೂ ತಂತಿ ಬಿಚ್ಚುವುದಿಲ್ಲ, ಕೊಡ ಸೀಳುವುದೂ ಇಲ್ಲ. ಬಂಡೀಪುರ ದಾಟಿ ಘಾಟಿ ಹತ್ತಿದಾಗ ಆಗದ್ದು ಬೆಂಗಳೂರಿನ ಮೇಲೆ ಹಾರುವಾಗ ಮಾತ್ರ ಆಗುವುದು ಹೇಗೆ?

ಇನ್ನೂ ಒಂದಿದೆ. ಒತ್ತಡದಿಂದ ಏನಾದರೂ ಒಡೆಯಬೇಕಾದರೆ ಗಾಳಿ ಒಳಗೆ ಸಿಕ್ಕಿಕೊಂಡಿರಬೇಕು. ವೀಣೆಯ ಕೊಡ ಪೊಳ್ಳು ನಿಜ, ಆದರೆ ಅದರ ಮೇಲ್ಹಲಗೆಯ ಎರಡು ಕಡೆ ಸಣ್ಣ ಸಣ್ಣ ತೂತುಗಳ ಸುತ್ತು ಇದೆಯಲ್ಲ? ಗಾಳಿ ಅಲ್ಲಿಂದಲೇ ಓಡಾಡುತ್ತದೆ. ನಾದಕ್ಕೆಂದು ಕೊರೆದ ತೂತು ಈ ಕೆಲಸವನ್ನೂ ಮಾಡುತ್ತದೆ. ತಂತಿಯಂತೂ ಉಕ್ಕು, ಕಂಚು. ಗಾಳಿಯ ಒತ್ತಡ ಇಷ್ಟು ಬದಲಾದರೆ ಅದಕ್ಕೆ ಏನೂ ಆಗುವುದಿಲ್ಲ.

ಪೂರ್ತಿ ಬಿಚ್ಚಿದರೆ ಬರುವ ಕೇಡು ನೋಡಿ. ಬಹುಪಾಲು ವೀಣೆಗಳಲ್ಲಿ ಕುದುರೆ, ಅಂದರೆ ಕೊಡದ ಮೇಲೆ ತಂತಿಗಳನ್ನು ಹೊರುವ ಪುಟ್ಟ ಸೇತುವೆ, ನಿಂತಿರುವುದೇ ತಂತಿಗಳ ಬಿಗಿಯಿಂದ. ಬಿಗಿ ಹೋದರೆ ಕುದುರೆ ಜಾರುತ್ತದೆ. ಮತ್ತೆ ನಿಲ್ಲಿಸುವಾಗ ಒಂದು ಕೂದಲೆಳೆ ಆಚೀಚೆ ಆದರೂ 24 ಮೆಟ್ಟಿಲುಗಳಲ್ಲಿ (ಬೆರಳಿಟ್ಟು ಸ್ವರ ನುಡಿಸುವ ಅಡ್ಡಪಟ್ಟಿಗಳಲ್ಲಿ) ಒಂದೂ ಸ್ವರಸ್ಥಾನಕ್ಕೆ ಸರಿಯಾಗಿ ಕೂರುವುದಿಲ್ಲ. ಮರುದಿನ ಸಂಜೆ ಕಚೇರಿ ಇಟ್ಟುಕೊಂಡು, ಮೇಳ ಕಟ್ಟುವವರೇ, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸುವವರೇ, ಇಲ್ಲದ ಊರಿನಲ್ಲಿ ಆ ವೀಣೆ ಹಿಡಿದು ಕೂರುವ ಕಷ್ಟ ಯಾವ ಶಿಷ್ಯರಿಗೂ ಬೇಡ. ಸ್ವಲ್ಪ ಸಡಿಲಿಸಿ ಅನ್ನುವುದಕ್ಕೆ ಕಾರಣ ಬೇರೆ. ಪೆಟ್ಟಿಗೆ ಬಿದ್ದಾಗ ಏಟು ತಗಲುವುದು ಉದ್ದನೆಯ ದಂಡಿ ಕೊಡಕ್ಕೆ ಸೇರುವ ಕಡೆ, ದಂಡಿಯ ಇನ್ನೊಂದು ತುದಿಯಲ್ಲಿ ಕೆತ್ತಿದ ಪ್ರಾಣಿಮುಖದ, ಅಂದರೆ ಯಾಳಿಯ, ಕುತ್ತಿಗೆಯ ಹತ್ತಿರ. ತಂತಿಯ ಎಳೆತ ಕಡಿಮೆ ಇದ್ದರೆ ಆ ಬೆಸುಗೆಗಳ ಮೇಲೆ ಭಾರ ಕಡಿಮೆ. ಗಟ್ಟಿ ಫೈಬರ್ ಪೆಟ್ಟಿಗೆ, ಯಾಳಿಯ ಕೆಳಗೂ ಕುತ್ತಿಗೆಗೂ ಒತ್ತಾಗಿ ಬಟ್ಟೆ, ಇದೇ ರಕ್ಷೆ. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ದಾಟಬಾರದು ಎಂಬುದು ಹಲವು ವಿಮಾನಗಳ ಲೆಕ್ಕ, ವೀಣೆ ಪೆಟ್ಟಿಗೆ ದಾಟಿಯೇ ದಾಟುತ್ತದೆ. ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಿ.

ವೀಣೆಗೆ ನಿಜವಾಗಿ ಹೆದರಬೇಕಾದದ್ದು ಬಿಸಿಲಿಗೆ. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೆ ಬಹಳ ಮುಂಚೆ. ರಾಮೋತ್ಸವದ ಕಚೇರಿಗಳೆಲ್ಲ ಬರುವುದು ಬೇಸಿಗೆಯಲ್ಲಿ. ಕಲಬುರಗಿ ಕಡೆ ಹೊರಟು, ದಾರಿಯಲ್ಲಿ ಊಟಕ್ಕೆಂದು ಕಾರು ಬಿಸಿಲಲ್ಲಿ ನಿಲ್ಲಿಸಿದಿರಿ ಅನ್ನಿ. ಗಾಜು ಏರಿಸಿದ ಕಾರಿನೊಳಗಿನ ಶಾಖಕ್ಕೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಓರೆಯಾಗುತ್ತವೆ. ವಿಮಾನಕ್ಕೆ ಅಷ್ಟು ಹೆದರುವವರೇ ವೀಣೆಯನ್ನು ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ವೀಣೆಯನ್ನೂ ಹೋಟೆಲಿನೊಳಗೆ ಕರೆದುಕೊಂಡು ಹೋಗಿ. ನನ್ನ ಶಿಷ್ಯರು ಇದನ್ನು ತಪ್ಪದೆ ಮಾಡುತ್ತಾರೆ; ಅವರ ವೀಣೆಗಳ ಮೇಳ ವರ್ಷಗಟ್ಟಲೆ ಗಟ್ಟಿಯಾಗಿ ನಿಂತಿದೆ. ಅಮೆರಿಕದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಒಣಗಾಳಿಯೂ ಮರವನ್ನು ಬಿರಿಸುತ್ತದೆ, ಪೆಟ್ಟಿಗೆಯೊಳಗೆ ತೇವ ಕಾಯುವ ಪೊಟ್ಟಣ ಇಡಲಿ.

ಇನ್ನು ನೀವು ಕೇಳದೆ ಇದ್ದದ್ದು, ಕೇಳಲೇಬೇಕಾಗಿದ್ದದ್ದು. ಮಗಳು ಒಯ್ಯುವುದು ಹೊಸ ವೀಣೆಯೋ, ಅಜ್ಜಿಯ ಕಾಲದ್ದೋ? ಹಳೆಯ ಮೈಸೂರು ವೀಣೆಗಳ ಕುಸುರಿಯಲ್ಲಿ ಆನೆಯ ದಂತ, ಜಿಂಕೆ ಕೊಂಬು ಸೇರಿರುವುದುಂಟು. ಬೀಟೆ ಮರದ ಬಗ್ಗೆ ಚಿಂತೆ ಬೇಡ: 2017ರಲ್ಲಿ ಅದು ಅಪರೂಪದ ಪ್ರಾಣಿ, ಸಸ್ಯಗಳ ಸಾಗಾಟಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿದಾಗ ಕಲಾವಿದರು ಪರದಾಡಿದ್ದು ನಿಜ, ಆದರೆ 2019ರ ಕೊನೆಯಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಇದೆ. ದಂತಕ್ಕೆ ಹಾಗೆ ವಿನಾಯಿತಿ ಇಲ್ಲ. ನೂರು ವರ್ಷ ಹಳೆಯದು, ಮನೆತನದ್ದು ಅಂತ ಬಾಯಲ್ಲಿ ಹೇಳಿದರೆ ಕಸ್ಟಮ್ಸ್‌ನವರು ಬಿಡುವುದಿಲ್ಲ. ಪರವಾನಗಿ ಕಾಗದ ಇಲ್ಲದಿದ್ದರೆ ವೀಣೆಯನ್ನೇ ವಶಕ್ಕೆ ತೆಗೆದುಕೊಳ್ಳಬಹುದು. ಕುಸುರಿ ದಂತದ್ದೋ ಪ್ಲಾಸ್ಟಿಕ್ಕಿನದೋ ತಿಳಿಯದಿದ್ದರೆ ವೀಣೆ ಮಾಡುವವರಿಗೆ ತೋರಿಸಿ. ದಂತ ಅಂತಾದರೆ ಅದು ಮನೆಯಲ್ಲೇ ಇರಲಿ, ಮಗಳ ಜೊತೆ ಹಲಸಿನ ಮರದ ಬೇರೊಂದು ವೀಣೆ ಹೋಗಲಿ.